ಗುರುವಾರದವರ ಓಟು

ನಾನು ಗುರುವಾರದವಳು. ವಯಸ್ಸು ಐವತ್ತು ದಾಟಿದರೂ ಒಂದೇ ಒಂದು ಗುರುವಾರವನ್ನು ಕಣ್ಣಾರೆ ಕಂಡವಳಲ್ಲ. ನಮ್ಮ ಊರಿನಲ್ಲಿ ಯಾರು ಯಾವ ವಾರ ಹುಟ್ಟಿದರೋ ಆ ವಾರ ಅವರು ಮಲಗುತ್ತಾರೆ. ಹಿಂದಿನ ರಾತ್ರಿ ದಿಂಬಿಗೆ ತಲೆ ಕೊಟ್ಟರೆ ಮರುದಿನವೆಲ್ಲ ಕಳೆದು, ಅದರ ಮರುದಿನ ಬೆಳಕು ಹರಿದಾಗಲೇ ಎಚ್ಚರ. ಮಲಗಿದವರಿರುವ ಮನೆಯ ಹೊಸ್ತಿಲಿಗೆ ಒನಕೆ ಅಡ್ಡ ಇಡುತ್ತಾರೆ. ಒನಕೆ ಕಂಡರೆ ಯಾರೂ ಬಾಗಿಲು ಬಡಿಯುವುದಿಲ್ಲ, ಬೇಡಲು ಬಂದವನೂ ಸದ್ದಿಲ್ಲದೆ ಮುಂದಿನ ಮನೆಗೆ ಹೋಗುತ್ತಾನೆ. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ವಾರವನ್ನು. ಗಂಡ ಹೆಂಡಿರಿಬ್ಬರದೂ ಒಂದೇ ವಾರವಾದರೆ ಅವತ್ತು ಒಲೆ ಹಚ್ಚುವವರು ಯಾರು? ಹೊರಗಿನಿಂದ ವರ್ಗವಾಗಿ ಬರುವ ನೌಕರರಿಗೆ ಇಂಥ ವಾರವಿಲ್ಲ. ಏಳೂ ದಿನ ಎದ್ದು ದುಡಿಯುವ ಅವರನ್ನು ಕಂಡರೆ ನಮಗೆ ಅಯ್ಯೋ ಪಾಪ ಅನಿಸುತ್ತದೆ.

ನಮ್ಮ ಅಧ್ಯಕ್ಷರನ್ನು ಊರಿನವರೇ ಓಟು ಹಾಕಿ ಆರಿಸುತ್ತಾರೆ. ಆ ಓಟು ನನ್ನ ಅಜ್ಜಿಯ ಕಾಲದಿಂದಲೂ ಗುರುವಾರವೇ. ಯಾಕೆ ಗುರುವಾರ ಎಂದು ಕೇಳಿದರೆ ಹಿರಿಯರು ಒಳ್ಳೆಯ ವಾರ ಎನ್ನುತ್ತಿದ್ದರು. ಯಾರಿಗೆ ಒಳ್ಳೆಯದು ಎಂದು ಕೇಳಬೇಕಾದ ನಾವು ಅವತ್ತು ಗೊರಕೆ ಹೊಡೆಯುತ್ತಿರುತ್ತಿದ್ದೆವು. ಶುಕ್ರವಾರ ಎದ್ದು ಓಣಿಗೆ ಬಂದರೆ ಎಲ್ಲರ ಬೆರಳಿಗೂ ಕಪ್ಪು ಶಾಯಿ. ಯಾರು ಗೆದ್ದರು ಎಂದು ನಾವು ಕೇಳಿ ತಿಳಿದುಕೊಳ್ಳಬೇಕು. ಕೆಲವರು ಹೇಳುತ್ತಲೂ ಇರಲಿಲ್ಲ. ನಿಮಗ್ಯಾಕ ಬೇಕು ಉಸಾಬರಿ ಎಂದು ನಗುತ್ತ ಹೋಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಅದು ಊರ ಪದ್ಧತಿ ಎಂದು ನುಂಗಿಕೊಂಡೆ. ಕಲ್ಲನಗೌಡರು ಸಂತೆಗೆ ಕೈ ಹಾಕುವವರೆಗೆ ನುಂಗಿಕೊಂಡೇ ಇದ್ದೆ.

ಕಲ್ಲನಗೌಡರು ಆಗಿನ ಅಧ್ಯಕ್ಷರು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವ ಮನುಷ್ಯ. ಹಿಂದಿನ ಸಲ ಗೆದ್ದು ಬಂದವರೇ ಬುಧವಾರದ ಸಂತೆಯನ್ನು ಗುರುವಾರಕ್ಕೆ ತಂದರು. ಹೊರಗಿನ ವ್ಯಾಪಾರಿಗಳಿಗೆ ಅನುಕೂಲ ಎಂದರು. ಸಂತೆ ಬಯಲಿನ ಪಕ್ಕದಲ್ಲೇ ಅವರ ಅಳಿಯನ ಹಿಟ್ಟಿನ ಗಿರಣಿ ಎದ್ದಾಗ ಅನುಕೂಲ ಯಾರಿಗೆಂದು ತಿಳಿಯಿತು. ಊರಿನಲ್ಲಿ ಅಲ್ಲಿಯವರೆಗೆ ಇದ್ದದ್ದು ಒಂದೇ ಗಿರಣಿ, ನನ್ನದು. ಗಂಡ ತೀರಿಕೊಂಡ ಮೇಲೆ ಅದರ ಪಟ್ಟಾ ಎಳೆದು, ಕಲ್ಲು ಕುಟ್ಟಿ, ಮಗನನ್ನು ಓದಿಸಿದವಳು ನಾನು. ಗಿರಣಿಗೆ ಸಂತೆಯ ದಿನವೇ ದುಡಿಮೆ. ಹಳ್ಳಿಯವರು ಜೋಳದ ಚೀಲಗಳನ್ನು ಸಾಲಾಗಿ ಇಟ್ಟು ಸಂತೆಗೆ ಹೋದರೆ, ತಿರುಗಿ ಬರುವಷ್ಟರಲ್ಲಿ ಹಿಟ್ಟು ಬಿಸಿಯಾಗಿ ಕಾದಿರುತ್ತಿತ್ತು. ಈಗ ಸಂತೆಯ ದಿನ ನನ್ನ ಬಾಗಿಲಿಗೆ ಒನಕೆ, ಅಳಿಯನ ಗಿರಣಿಗೆ ಸಾಲು. ಇನ್ನೊಂದೆರಡು ವರ್ಷ ಹೀಗೇ ನಡೆದರೆ ಗಿರಣಿಯನ್ನು ಗುಜರಿಗೆ ಹಾಕಬೇಕಿತ್ತು.

ಮಗ ಬಸ್ಸಿನ ಕಂಡಕ್ಟರ್, ಮನೆಯಲ್ಲಿ ಇರುವುದೇ ಅಪರೂಪ. ಸೊಸೆ ಫಕೀರವ್ವ ಬುಧವಾರದವಳು. ಗುರುವಾರ ಎದ್ದಿರುತ್ತೀಯಲ್ಲ, ಗಿರಣಿ ನೋಡಿಕೋ ಎಂದು ಒಮ್ಮೆ ಕೇಳಿದೆ. ಅವಳು ಸಂತೆ ಗುರುವಾರಕ್ಕೆ ಬಂದ ಮೇಲೆ ಶಾವಿಗೆ, ಹಪ್ಪಳ, ಸಂಡಿಗೆಯ ಬುಟ್ಟಿ ಹೊತ್ತು ಅಲ್ಲಿ ಕೂರುವುದು ಶುರುಮಾಡಿದ್ದಳು.

"ನಿಮ್ಮ ಗಿರಣಿ ನಾ ನೋಡ್ಕೊಂಡ್ರ ನನ್ನ ಬುಟ್ಟಿ ಯಾರ್ ನೋಡ್ಕೋಬೇಕ್ರಿ ಅತ್ತಿ?" ಎಂದಳು.

ಸೊಕ್ಕು ಎಂದುಕೊಂಡೆ. ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ.

ಈ ಸಲ ಚುನಾವಣೆ ನಡೆಸಲು ಶಕೀಲಾ ಮೇಡಂ ಎಂಬ ಅಧಿಕಾರಿ ಬಂದರು. ತೆಳ್ಳಗಿನ ಹೆಂಗಸು, ಕೈಯಲ್ಲಿ ಸದಾ ಒಂದು ಛತ್ರಿ. ಮತದಾರರ ಪಟ್ಟಿ ನೋಡಿ, ಏಳರಲ್ಲಿ ಒಂದು ಪಾಲು ಜನ ಎಂದೂ ಓಟು ಹಾಕಿಯೇ ಇಲ್ಲವಲ್ಲ ಎಂದು ಕೇಳಿದರಂತೆ. ಅವರು ಗುರುವಾರದವರು ಮೇಡಂ ಎಂದು ಗುಮಾಸ್ತ ಹೇಳಿದನಂತೆ. ಅದಕ್ಕೆ ಮೇಡಂ, "ಹಾಗಾದರೆ ಅವರಿಗೆ ಅಂಚೆಯಲ್ಲಿ ಮತಪತ್ರ ಕಳಿಸಿ. ದೂರದಲ್ಲಿರುವ ಸೈನಿಕರಿಗೆ ಕಳಿಸುವುದಿಲ್ಲವೇ? ಇವರೂ ಅವತ್ತು ದೂರದಲ್ಲೇ ಇರುತ್ತಾರೆ" ಎಂದರಂತೆ. ಆ ಮಾತು ಕೇಳಿದ ದಿನ ನಾನು ಗಿರಣಿ ನಿಲ್ಲಿಸಿ ಹಿಟ್ಟಿನ ಕೈಯಲ್ಲೇ ಕಚೇರಿಗೆ ಹೋಗಿ ಅವರಿಗೆ ಕೈ ಮುಗಿದು ಬಂದೆ. ಅವರ ಛತ್ರಿಗೂ ಹಿಟ್ಟು ಹತ್ತಿತು.

ಊರಲ್ಲಿ ಗುಲ್ಲೆದ್ದಿತು. ಗುರುವಾರದವರೆಲ್ಲ ಒಂದೇ ಕಡೆ ಒತ್ತಿದರೆ ಗೌಡರ ಕಥೆ ಮುಗಿಯಿತು ಎಂದು ಕೆಲವರು ಕುಣಿದರು. ಮನೆಯಲ್ಲಿ ಕೂತು ಹಾಕುವ ಓಟಿಗೆ ಕಿಮ್ಮತ್ತು ಇಲ್ಲ, ಬಿಸಿಲಲ್ಲಿ ನಿಂತು ಹಾಕಿದ್ದೇ ಓಟು ಎಂದು ಕೆಲವರು ಮೂಗು ಮುರಿದರು. ಬೇರೆ ವಾರದವರು ಯಾವ ಬಿಸಿಲಲ್ಲಿ ಬೆಂದಿದ್ದರೋ ನಾನು ಕಾಣೆ. ಅರ್ಧ ಊರು ಬೂತಿನ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಗೌಡರು ಕಟ್ಟೆಯ ಮೇಲೆ ಕೂತು, "ಮಲಗಿದವರ ಎಮ್ಮಿ ಕೋಣ ಈಯ್ತದ ಅಂತಾರ. ಈಗ ಮಲಗಿದವರ ಓಟು ಏನು ಈಯ್ತದೋ ನೋಡೂಣು" ಎಂದು ನಗಿಸಿದರು.

ಗೌಡರ ಎದುರು ನಿಂತವನು ಎಣ್ಣೆ ಗಾಣದ ನಿರುಪಾದೆಪ್ಪ. ಒಳ್ಳೆಯವನೋ ಕೆಟ್ಟವನೋ ನನಗೆ ಬೇಕಿರಲಿಲ್ಲ. ಗಾಣಕ್ಕೇ ಹೋಗಿ ನೇರವಾಗಿ ಕೇಳಿದೆ.

"ಗೆದ್ರ ಸಂತಿ ಬುಧವಾರಕ್ಕ ತರ್ತೀಯೇನು? ಹೌದಂದ್ರ ಹೌದನ್ನು, ಇಲ್ಲಂದ್ರ ಇಲ್ಲನ್ನು. ಅಡ್ಡಗ್ವಾಡಿ ಮ್ಯಾಲೆ ದೀಪ ಇಡಬ್ಯಾಡ."

"ಮೊದಲ ಸಭಿಯ ಮೊದಲನೇ ಠರಾವೇ ಅದು, ತಂಗೆವ್ವಕ್ಕ" ಎಂದ.

ಅಷ್ಟು ಸಾಕು ಎಂದು ಮನೆ ಮನೆ ಸುತ್ತಿದೆ. ಸೈಕಲ್ ಅಂಗಡಿಯ ಯಲಗೂರಪ್ಪನೂ ಗುರುವಾರದವನು, ನನ್ನ ಓರಗೆಯವನು. ಅವನಿಗಂತೂ ಮೂರು ಸಲ ಹೇಳಿದೆ. ಮೂರು ಸಲವೂ ಹೂಂ ಎಂದ.

ಲಕೋಟೆ ಬಂತು. ಬಂದ ದಿನವೇ ಸಂಜೆ ಗೌಡರ ಕಡೆಯ ಆಳೊಬ್ಬ ಬಾಗಿಲಿಗೆ ಬಂದ. "ಗುರ್ತು ಎಲ್ಲಿ ಹಾಕೂದು ಗೊತ್ತಾಗೂದಿಲ್ಲ ನಿಮ್ಗ. ಕೊಡ್ರಿ ಇಲ್ಲಿ, ನಾ ತುಂಬಿ ಅಂಚಿಗೆ ಹಾಕ್ತೀನಿ. ಎಲ್ಲಾರೂ ಕೊಟ್ಟಾರ" ಎಂದ. ಬೂತಿನೊಳಗೆ ಆದರೆ ಮತ ಹಾಕುವ ಮೂಲೆಗೆ ಇನ್ನೊಬ್ಬ ಬರುವಂತಿಲ್ಲ. ಮನೆಗೆ ಬಂದ ಓಟಿಗೆ ಅಂಥ ಮೂಲೆ ಎಲ್ಲಿಯದು? ಗಂಡ ಕೇಳುತ್ತಾನೆ, ಮಗ ಕೇಳುತ್ತಾನೆ, ಇಂಥವನೂ ಬಂದು ಕೈ ಚಾಚುತ್ತಾನೆ. ನಾನು ಗಿರಣಿಯ ಪೊರಕೆ ಎತ್ತಿಕೊಂಡೆ. ಅವನು ಓಣಿ ತಿರುಗುವವರೆಗೂ ಬೈದೆ. ಆಮೇಲೆ ಗುರುವಾರದವರ ಒಂದೊಂದು ಮನೆಗೂ ಹೋಗಿ, ಲಕೋಟೆ ಯಾರ ಕೈಗೂ ಕೊಡಬೇಡಿ ಎಂದು ಹೇಳಿ ಬಂದೆ. ಇಬ್ಬರು ಆಗಲೇ ಕೊಟ್ಟಿದ್ದರು. ಅವರ ಜೊತೆ ಆ ಆಳಿನ ಮನೆಗೆ ಹೋಗಿ, ಶಕೀಲಾ ಮೇಡಂನ ಕರೆಸ್ತೀನಿ ಎಂದು ಕೂಗಾಡಿ, ಎರಡನ್ನೂ ವಾಪಸು ಕೊಡಿಸಿದೆ.

ರಾತ್ರಿ ಊಟವಾದ ಮೇಲೆ ಲಕೋಟೆ ಬಿಚ್ಚಿ ಕೂತೆ. ಫಕೀರವ್ವ ಹಪ್ಪಳದ ಹಿಟ್ಟು ನಾದುತ್ತಿದ್ದವಳು ಎದ್ದು ನಿಂತಳು.

"ಎಲ್ಲಿಗೆ ಹೊಂಟಿ? ಕುಂದ್ರು. ನಿನ್ನ ಮುಂದ ಏನು ಮುಚ್ಚುಮರಿ?" ಎಂದೆ.

"ಬ್ಯಾಡ್ರಿ ಅತ್ತಿ. ಓಟು ಹಾಕೂ ಹೊತ್ತಿನ್ಯಾಗ ಒಬ್ರ ಇರಬೇಕು. ಆದಮ್ಯಾಲೆ ಕರೀರಿ" ಎಂದು ಕೈ ತೊಳೆಯದೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು. ನಾನು ನಿರುಪಾದೆಪ್ಪನ ಗಾಣದ ಚಿತ್ರದ ಮುಂದೆ ಗುರುತು ಹಾಕಿ, ಲಕೋಟೆ ಅಂಟಿಸಿ, ರುಜು ಮಾಡಿದೆ. ಬೆಳಿಗ್ಗೆ ಅಂಚೆಯವನ ಕೈಗೆ ನಾನೇ ಕೊಟ್ಟೆ. ಗುರುವಾರದವರಲ್ಲಿ ಓಟು ಹಾಕದೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ ಎಂದು ಅಂಚೆಯವನೇ ಆಮೇಲೆ ಹೇಳಿದ.

ಗೌಡರು ಸುಮ್ಮನೆ ಕೂರುವವರಲ್ಲ. ಮಂಗಳವಾರ ಸಂಜೆಯ ಸಭೆಯಲ್ಲಿ ಒಂದು ಕಾನೂನು ಎತ್ತಿದರು. ಅಂಚೆಯಲ್ಲಿ ಓಟು ಕಳಿಸಿದವರು ಓಟಿನ ದಿನದೊಳಗೆ ಸತ್ತರೆ ಆ ಓಟು ರದ್ದು. ಅದು ನಿಜವೇ, ನಿಯಮದಲ್ಲಿತ್ತು. "ಹಂಗಾದ್ರ ಗುರುವಾರ ಇವರೆಲ್ಲ ಬದುಕಿರ್ತಾರಂತ ಯಾರು ಹೇಳ್ಬೇಕು? ಕರದ್ರ ಓ ಅನ್ನೂದಿಲ್ಲ. ಮನಿಗೆ ಹೋಗಿ ನೋಡೂಣು ಅಂದ್ರ ಹೊಸ್ತಲಕ್ಕ ಒನಕಿ ಐತಿ, ದಾಟೂ ಹಂಗಿಲ್ಲ. ಎಣಿಸೂ ಹೊತ್ತಿಗೆ ನಾ ತಕರಾರು ಕೊಡಾವ. ಬದುಕ್ಯಾರ ಅಂತ ತೋರಿಸ್ಲಿ, ಆಮ್ಯಾಲೆ ಎಣಿಸ್ಲಿ" ಎಂದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು; ಅಂಥ ಉಪಾಯ. ಶಕೀಲಾ ಮೇಡಂ ಪುಸ್ತಕ ತಿರುವಿ ಹಾಕಿ, ತಕರಾರು ಬಂದರೆ ನಾನು ಕಣ್ಣಾರೆ ನೋಡಿಯೇ ತೀರ್ಮಾನ ಕೊಡಬೇಕಾಗುತ್ತದೆ ಎಂದು ತಲೆ ತಗ್ಗಿಸಿದರು.

ಸಭೆಯಲ್ಲಿ ಗುರುವಾರದವರು ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ನಿಂತೆ.

"ಅವರು ನಮ್ಮ ಮನಿಗೆ ಬರೂ ಹಂಗಿಲ್ಲಂದ್ರ ನಾವ ಹೋಗೂಣು. ಮಲಗಿದ ಹೊರಸಿನ ಸಮೇತ ನಮ್ಮನ್ನ ಹೊತ್ಕೊಂಡು ಹೋಗಿ ಓಟು ಎಣಿಸೂ ಸಾಲಿ ಅಂಗಳದಾಗ ಇಡ್ರಿ. ನೋಡ್ಲಿ ಯಾರು ಸತ್ತಾರ ಅಂತ!"

ಮಲಗಿದವರನ್ನು ಹೊಸ್ತಿಲು ದಾಟಿಸುವುದು ನಮ್ಮಲ್ಲಿ ಇಲ್ಲವೇ ಇಲ್ಲ. ಹೊಸ್ತಿಲು ದಾಟಿಸುವುದು ಹೆಣವನ್ನು ಮಾತ್ರ. ಊರಿಗೆ ಕೇಡು ತರ್ತೀಯೇನು ಎಂದು ಒಬ್ಬ ಮುದುಕ ನನ್ನ ಮೇಲೆ ಕೋಲೆತ್ತಿದ. ಕೇಡು ಬಂದರೆ ನನ್ನ ಮನೆಗೇ ಮೊದಲು ಬರಲಿ, ಮೊದಲ ಹೊರಸು ನನ್ನದೇ ಎಂದೆ. ಒಳಗೊಳಗೆ ಹೆದರಿಕೆ ಇತ್ತು. ಹೊಸ್ತಿಲು ದಾಟಿದವರು ಏಳುವುದೇ ಇಲ್ಲ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು.

ಮನೆಗೆ ಬಂದು ಫಕೀರವ್ವನಿಗೆ ಹೇಳಿದೆ. ಅವಳು ಬುಧವಾರದ ನಿದ್ದೆಗೆ ಹಾಸಿಗೆ ಕೊಡವುತ್ತಿದ್ದಳು.

"ಗುರುವಾರ ಎದ್ದ ಕೂಡ್ಲೆ ಮೊದ್ಲ ನನ್ನ ಓಟು ಹಾಕಿ ಬರ್ತೀನಿ. ಆಮ್ಯಾಲೆ ನಿಮ್ಮ ಹೊರಸಿಗೆ ಹೆಗಲು ಕೊಡ್ತೀನಿ. ನಿಮ್ಮ ಮಗಂಗೂ ರಜಾ ಹಾಕಂತ ಹೇಳ್ರಿ" ಎಂದು ಹೊದ್ದು ಮಲಗಿದಳು.

ಗುರುವಾರದ ಸಂಗತಿ ನಾನು ಕಂಡದ್ದಲ್ಲ. ಮಗ ಹೇಳಿದ್ದು, ಓಣಿಯವರು ಹೇಳಿದ್ದು, ಶಕೀಲಾ ಮೇಡಂ ಹೇಳಿದ್ದು ಸೇರಿಸಿ ಹೇಳುತ್ತೇನೆ. ಹೆಚ್ಚುಕಮ್ಮಿ ಇದ್ದರೆ ಅದು ಅವರದು.

ಮಧ್ಯಾಹ್ನ ಓಟು ಮುಗಿಯುವ ಹೊತ್ತಿಗೆ ನಮ್ಮ ಮನೆಯ ಒನಕೆಯನ್ನು ಫಕೀರವ್ವನೇ ಎತ್ತಿ ಪಕ್ಕಕ್ಕಿಟ್ಟಳಂತೆ. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಿಂತರಂತೆ. ಹೊರಸು ಹೊಸ್ತಿಲು ದಾಟುವಾಗ ನನ್ನ ಮಗನ ಕಣ್ಣಲ್ಲಿ ನೀರು. ನನ್ನ ಹೊರಸು ಬೀದಿಗೆ ಬಂದದ್ದು ಕಂಡು ಯಲಗೂರಪ್ಪನ ಹೆಂಡತಿ ತನ್ನ ಗಂಡನ ಹೊರಸಿಗೆ ಆಳು ಕರೆದಳಂತೆ. ಆಮೇಲೆ ಒಂದರ ಹಿಂದೆ ಒಂದು. ಕೆಲವು ಮನೆಯವರು ಕದ ಹಾಕಿಕೊಂಡೇ ಇದ್ದರು. ಬಹಳ ಮನೆಯವರು ಹೊತ್ತು ತಂದರು. ಹೊರಸು ಇಲ್ಲದವರು ಬಾಗಿಲು ಕಿತ್ತು ಅದರ ಮೇಲೆ ಮಲಗಿಸಿ ತಂದರು. ಸಂಜೆಗೆ ಶಾಲೆಯ ಅಂಗಳದ ತುಂಬ ಮಲಗಿದವರು. ಯಾರೋ ಮಕ್ಕಳು ನೊಣ ಓಡಿಸಲು ಬೀಸಣಿಗೆ ಹಿಡಿದು ಓಡಾಡುತ್ತಿದ್ದರಂತೆ.

ಗೌಡರು ಬಂದು ನೋಡಿ ಮೊದಲು ಬೆಪ್ಪಾದರು. ಆಮೇಲೆ, "ತಂದು ಇಟ್ಟ್ರ ಆತೇನು? ಇವರೊಳಗ ಯಾರು ಬದುಕ್ಯಾರೋ ಯಾರು ಸತ್ತಾರೋ" ಎಂದರು.

"ಮೂಗಿನ ಹಂತ್ಯಾಕ ಕೈ ಹಿಡದು ನೋಡ್ರಿ ಗೌಡ್ರ" ಎಂದಳಂತೆ ಫಕೀರವ್ವ.

ಶಕೀಲಾ ಮೇಡಂ ಒಂದು ಕನ್ನಡಿ ತರಿಸಿ, ಪಟ್ಟಿ ಹಿಡಿದು, ಒಂದೊಂದೇ ಹೊರಸಿನ ಬಳಿ ಬಗ್ಗಿ, ಮೂಗಿನ ಮುಂದೆ ಕನ್ನಡಿ ಹಿಡಿದರು. ಕನ್ನಡಿ ಮಂಜಾದರೆ ಹೆಸರಿನ ಮುಂದೆ ಗೆರೆ. ಕದ ಹಾಕಿಕೊಂಡಿದ್ದ ಮನೆಯವರೂ ಅದನ್ನು ಕೇಳಿ ಒಬ್ಬೊಬ್ಬರಾಗಿ ತಮ್ಮವರನ್ನು ಹೊತ್ತು ತರತೊಡಗಿದರಂತೆ. ನನ್ನ ಹೊರಸಿಗೆ ಬಂದಾಗ ಕನ್ನಡಿ ಬೇಕಾಗಲಿಲ್ಲ ಎಂದು ಹೇಳಿ ಊರು ಇವತ್ತಿಗೂ ನಗುತ್ತದೆ. ನನ್ನ ಗೊರಕೆ ಗಿರಣಿಗಿಂತ ಜೋರಾಗಿತ್ತಂತೆ. ನಗಲಿ. ನನ್ನ ಓಟು ಬದುಕಿದ್ದು ಆ ಗೊರಕೆಯಿಂದಲೇ.

ಗೌಡರಿಗೆ ಇನ್ನೂ ಸಮಾಧಾನವಿಲ್ಲ. ಅಂಗಳದ ನಡುವೆ ನಿಂತು, ಎಚ್ಚರ ಇಲ್ಲದವರು ಊರು ಆಳುವವರನ್ನು ಆರಿಸಿದರೆ ಎಚ್ಚರ ಇದ್ದವರ ಗತಿಯೇನು ಎಂದು ಕೂಗಿದರಂತೆ. ಆಗ ಫಕೀರವ್ವ ನನ್ನ ಹೊರಸಿನ ಬಳಿಯಿಂದ ಎದ್ದು ಅವರ ಮುಂದೆ ಹೋಗಿ ನಿಂತಳು. ಊರ ಗಂಡಸರ ಮುಂದೆ ಒಂದು ದಿನವೂ ದನಿ ಎತ್ತಿದವಳಲ್ಲ.

"ನಿನ್ನಿ ನಾನೂ ಮಲಗಿದ್ದೆ ಗೌಡ್ರ. ಬರೂ ಶನಿವಾರ ನೀವು ಮಲಗ್ತೀರಿ. ಅವತ್ತು ನಿಮ್ಮನ್ನ ಸತ್ತವರ ಲೆಕ್ಕಕ್ಕ ಹಿಡದು, ನಿಮ್ಮ ಹೊಲ ಮನಿ ಹಂಚಿಬಿಡ್ಲೇನು? ಮಲಗಿದವರ ಮನಿ ಅವರದ ಇರ್ತದ, ಹೊಲ ಅವರದ ಇರ್ತದ. ಓಟು ಒಂದು ಯಾಕ ಇರೂದಿಲ್ಲ?"

ಗೌಡರು ಹೆಗಲ ಮೇಲಿನ ಟವೆಲ್ ಸರಿಪಡಿಸಿಕೊಂಡು ಕುರ್ಚಿಯಲ್ಲಿ ಕೂತರು. ಮೇಡಂ ತಕರಾರು ವಜಾ ಎಂದು ಬರೆದು, ಅಂಚೆಯ ಪೆಟ್ಟಿಗೆಯ ಬೀಗ ತೆಗೆಸಿದರು.

ಶುಕ್ರವಾರ ಬೆಳಕು ಹರಿದಾಗ ಕಣ್ಣು ಬಿಟ್ಟೆ. ಮೇಲೆ ಜಂತಿ ಇಲ್ಲ, ಆಕಾಶ. ಎದ್ದೆನಲ್ಲ ಎಂದು ಮೊದಲು ಎದೆ ಮುಟ್ಟಿ ನೋಡಿಕೊಂಡೆ. ಸುತ್ತ ನೋಡಿದರೆ ಸಾಲು ಸಾಲಾಗಿ ಜನ ಕಣ್ಣುಜ್ಜಿಕೊಂಡು ಏಳುತ್ತಿದ್ದಾರೆ, ಆಕಳಿಸುತ್ತಿದ್ದಾರೆ, ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದಾರೆ. ಗುರುವಾರದವರು ಇಷ್ಟು ಜನ ಇದ್ದೇವೆಂದು ನಮಗೇ ಗೊತ್ತಿರಲಿಲ್ಲ. ನನಗೆ ಅಳು ಬಂತು. ಅತ್ತೆ.

ಫಕೀರವ್ವ ಚಹಾ ತಂದಳು. "ಗೆದ್ರಿ ಅತ್ತಿ" ಎಂದಳು. ನಿರುಪಾದೆಪ್ಪ ಗೆದ್ದಿದ್ದ, ಬೆರಳೆಣಿಕೆಯ ಓಟಿನಲ್ಲಿ. ಊರಿನ ಇತಿಹಾಸದಲ್ಲೇ ಇಷ್ಟು ಜನ ಓಟು ಹಾಕಿದ್ದಿಲ್ಲವಂತೆ. ಲಕೋಟೆಯ ಸುದ್ದಿಗೆ ಹುರುಪು ಬಂದು ಬೇರೆ ವಾರದವರೂ ಬೂತಿಗೆ ಬಂದಿದ್ದರು. ಗುರುವಾರದ ಓಟು ಮಾತ್ರ ಒಂದೇ ಕಡೆ ಬಿದ್ದಿರಲಿಲ್ಲ. ಹೆಚ್ಚಿನವು ನಿರುಪಾದೆಪ್ಪನಿಗೆ, ಆದರೆ ಗೌಡರಿಗೂ ಸಾಕಷ್ಟು. ಪಕ್ಕದ ಹೊರಸಿನಲ್ಲಿ ಯಲಗೂರಪ್ಪ ತಲೆ ಕೆರೆದುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ.

"ನೀನೂ ಗೌಡಗ ಹಾಕಿಯೇನೋ ಭಾಡ್ಯಾ?"

"ನನ್ನ ಅಂಗಡಿ ಮುಂದ ಗಟಾರ ಮುಚ್ಚಿಸಿದ್ದು ಅವರು, ತಂಗೆವ್ವ. ಮೊದ್ಲ ಸಲ ಓಟು ಸಿಕ್ಕಿತ್ತು. ಅದೂ ನೀ ಹೇಳಿದವರಿಗೇ ಹಾಕಿದ್ರ ನಂದು ಅಂತ ಏನು ಉಳೀತು?"

ಅವನ ಜೊತೆ ಜಗಳಕ್ಕೆ ನಿಲ್ಲುವವಳಿದ್ದೆ. ಅಷ್ಟರಲ್ಲಿ ಫಕೀರವ್ವನ ಮುಖ ಕಂಡೆ. ಗೆದ್ದ ಮನೆಯ ಮುಖ ಅದಾಗಿರಲಿಲ್ಲ.

"ನೀ ಯಾರಿಗೆ ಹಾಕಿದಿ, ಫಕೀರವ್ವ?"

"ಗೌಡ್ರಿಗೆ" ಎಂದಳು. ಕಣ್ಣು ತಪ್ಪಿಸಲಿಲ್ಲ. "ನಾ ಹುಟ್ಟಿದಾಗಿಂದ ಸಂತಿ ಬುಧವಾರ ಇತ್ರಿ ಅತ್ತಿ. ಸಂತಿ ಅಂದ್ರ ಏನಂತ ನಾ ನೋಡಿದ್ದ ಗುರುವಾರಕ್ಕ ಬಂದ ಮ್ಯಾಲೆ. ಆ ಬುಟ್ಟಿ ನನ್ನ ಜೀವಾಳ. ನಾಳಿಂದ ಅದಿಲ್ಲ."

ಊರೆಲ್ಲ ಸುತ್ತಿದ್ದೆ ನಾನು. ನನ್ನ ವಾರ, ನನ್ನ ವಾರ ಎಂದು ಎದೆ ಬಡಿದುಕೊಂಡು ಎಲ್ಲರ ಬಾಗಿಲಿಗೂ ಹೋಗಿದ್ದೆ. ಮನೆಯೊಳಗಿದ್ದ ಬುಧವಾರವನ್ನು ಒಂದು ಮಾತು ಕೇಳಿರಲಿಲ್ಲ.

"ಸುಮ್ನ ಕುಂತಿದ್ರ ಗೌಡ್ರ ತಕರಾರು ನಡೀತಿತ್ತಲ್ಲ. ನಿನ್ನ ಸಂತಿ ನಿನಗ ಉಳೀತಿತ್ತು. ಯಾಕ ಹೊತ್ತಿ ನನ್ನ? ಯಾಕ ವಾದಾ ಮಾಡಿದಿ?"

"ನಿಮ್ಮ ಓಟಿನ ಎದುರು ನಾ ಓಟು ಹಾಕೇನ್ರಿ. ನಿಮ್ಮ ಓಟ ಇರಬಾರದು ಅಂತ ಹಾಕಿಲ್ಲ" ಎಂದಳು. "ನಿಮ್ಮನ್ನ ಸತ್ತವರ ಲೆಕ್ಕಕ್ಕ ಹಿಡದು ಗೆದ್ದ ಸಂತ್ಯಾಗ ನಾ ಹೆಂಗ ಕುಂದರ್ಲಿ?"

ಶಾಲೆಯ ಗೇಟಿನಲ್ಲಿ ಹಲಗೆ ಬಾರಿಸುತ್ತಿದ್ದರು. ನಿರುಪಾದೆಪ್ಪ ಕೊರಳ ತುಂಬ ಹಾರ ಹಾಕಿಕೊಂಡು ಗುರುವಾರದವರಿಗೆ ಕೈ ಮುಗಿಯಲು ಅಂಗಳಕ್ಕೆ ಬಂದ. ಬರುವ ವಾರದಿಂದಲೇ ಸಂತೆ ಬುಧವಾರ ಎಂದು ಕೂಗಿ ಹೇಳಿದ. ಹೊರಸುಗಳ ಮೇಲೆ ಕೂತವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಕೆದರಿದ ತಲೆಯಲ್ಲೇ ಎದ್ದು ಹೋಗಿ ಅವನ ಮುಂದೆ ನಿಂತೆ.

"ಬುಧವಾರದವರನ್ನ ಕೇಳಿದಿಯೇನಪಾ?"

ಅವನಿಗೆ ಅರ್ಥವಾಗಲಿಲ್ಲ. "ಕೇಳಿದವಳು ನೀನ ಅಲ್ಲೇನಕ್ಕ? ಮೊದಲನೇ ಠರಾವು ಅಂತ ಮಾತು ಇಸ್ಕೊಂಡವಳು ನೀನ."

"ಹೌದು, ಕೇಳಿದಾಕಿನೂ ನಾನ, ಈಗ ತಡಿ ಅನ್ನಾಕಿನೂ ನಾನ. ಲಕೋಟಿ ಕಳಿಸು ಎಲ್ಲಾ ವಾರದವರಿಗೂ. ಸಂತಿ ಯಾವತ್ತು ಅಂತ ಊರು ಹೇಳ್ಲಿ. ಅಲ್ಲೀತನಕ ಠರಾವು ಗಿರಾವು ಏನೂ ಇಲ್ಲ. ಮಾಡಿದಿ ಅಂದ್ರ ಈ ಹೊರಸು ತಂದು ನಿನ್ನ ಗಾಣದ ಬಾಗಲಾಗ ಹಾಕ್ತೀನಿ."

ತಂಗೆವ್ವನಿಗೆ ತಲೆ ಕೆಟ್ಟಿದೆ ಎಂದು ನಮ್ಮ ಗುರುವಾರದವರೇ ಕೂಗಿದರು. ಗೆದ್ದದ್ದನ್ನು ಕೈಯಾರೆ ಚೆಲ್ಲುತ್ತಾಳೆ ಎಂದರು. ಒಬ್ಬಳು ನನ್ನ ಮುಖಕ್ಕೆ ಬೆನ್ನು ತಿರುಗಿಸಿ ಕೂತಳು. ನಿರುಪಾದೆಪ್ಪ ಶಕೀಲಾ ಮೇಡಂ ಕಡೆ ನೋಡಿದ. ಮೇಡಂ ಛತ್ರಿಯನ್ನು ಕಂಕುಳಲ್ಲಿ ಒತ್ತಿಕೊಂಡು, "ಲಕೋಟೆಗಳೇನೋ ಉಳಿದಿವೆ" ಎಂದರು.

ಹಲಗೆಯ ಸದ್ದು ಮುಂದಿನ ಬೀದಿಗೆ ಹೋಯಿತು. ಮಗ ಬಸ್ಸಿಗೆ ಹೊತ್ತಾಯಿತೆಂದು ಆಗಲೇ ಓಡಿದ್ದ. ನಾನು ಹಾಸಿಗೆ ಸುತ್ತಿ ಹೊರಸಿನ ಮೇಲೆ ಇಟ್ಟು ಒಂದು ತುದಿ ಹಿಡಿದೆ, ಫಕೀರವ್ವ ಇನ್ನೊಂದು ತುದಿ ಹಿಡಿದಳು. ಗೇಟು ದಾಟುವ ಮೊದಲೇ ಅವಳು, ಲಕೋಟೆ ಬಂದರೂ ತಾನು ಗುರುವಾರಕ್ಕೇ ಹಾಕುವುದು, ಅದನ್ನು ಈಗಲೇ ಹೇಳಿಬಿಡುತ್ತೇನೆ ಎಂದಳು. ಹಾಕು, ನಾನು ಬುಧವಾರಕ್ಕೇ ಹಾಕುವವಳು ಎಂದೆ. ಮನೆ ಮುಟ್ಟುವವರೆಗೂ ಇಬ್ಬರೂ ಜಗಳವಾಡುತ್ತಲೇ ಹೋದೆವು. ಹೊರಸನ್ನು ಮಾತ್ರ ಇಬ್ಬರೂ ಕೆಳಗಿಡಲಿಲ್ಲ.